ಹಳ್ಳದಲ್ಲಿ ಕತ್ತರಿಸಿದ ಉಣ್ಣೆ

ಕುರಿ ಮೈತೊಳೆಯುವ ದಿನ ಬಂತೆಂದರೆ ಗದಿಗೆವ್ವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಿರೇವಡ್ಡಟ್ಟಿಯ ಆ ಮನೆಗೆ ಸೊಸೆಯಾಗಿ ಬಂದವಳು; ಈಗ ಮಗಳು ಸುಶ್ಮಿತಾ ಮುಂಡರಗಿಯ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಆದರೂ ಆ ಒಂದು ಮುಂಜಾನೆ ಗದಿಗೆವ್ವನಿಗೆ ಹುಡುಗಿಯ ಹುರುಪು ಬರುತ್ತಿತ್ತು. ಎಲ್ಲರಿಗಿಂತ ಮೊದಲೆದ್ದು ರೊಟ್ಟಿ ಬಡಿದಳು. ಶೇಂಗಾ ಚಟ್ನಿ, ಪುಂಡಿಪಲ್ಯ, ಉಳ್ಳಾಗಡ್ಡಿ ಸೇರಿಸಿ ಬುತ್ತಿ ಕಟ್ಟಿದಳು. ಆಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ನೀರು ಚಿಮುಕಿಸಿ ಉಣ್ಣೆಯ ಕತ್ತರಿ ಮಸೆಯಲು ಕುಳಿತಳು.

ಆ ಮನೆಯಲ್ಲಿ ಕತ್ತರಿ ಮಸೆಯುವುದು ಹೆಂಗಸರ ಕೆಲಸ, ಕತ್ತರಿಸುವುದು ಗಂಡಸರ ಕೆಲಸ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ನಡೆದುಕೊಂಡು ಬಂದಿತ್ತು ಅಷ್ಟೆ. ಕುರಿಯ ಮೈಯಿಂದ ಇಳಿದ ಉಣ್ಣೆ ಗದಿಗೆವ್ವನ ಕೈಗೆ ಬರುತ್ತಿತ್ತು. ಅವಳು ಅದನ್ನು ಬಿಡಿಸಿ, ಹಿಂಜಿ, ನೂಲು ತೆಗೆದು ಕಂಬಳಿ ನೇಯುವವರಿಗೆ ಕೊಡುತ್ತಿದ್ದಳು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಮರಿಯ ಮೊದಲ ಉಣ್ಣೆ, ಇದು ಮುದಿ ಕುರಿಯ ಬೆನ್ನಿನದು, ಇದು ಹೊಟ್ಟೆಯ ಕೆಳಗಿನದು ಎಂದು ಹೇಳಬಲ್ಲವಳು. ಆದರೆ ಆ ಉಣ್ಣೆ ಕತ್ತರಿಯ ಬಾಯಿಂದ ಹಚ್ಚಡದ ಹಾಗೆ ಮಡಚಿಕೊಂಡು ಬೀಳುವುದನ್ನು ನೋಡುವಾಗಲೆಲ್ಲ ಅವಳ ಕೈ ತುರಿಸುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಮಾವ ದ್ಯಾಮಪ್ಪನನ್ನು ಕೇಳಿಯೂ ಇದ್ದಳು.

"ಮಾವಾರ, ಒಂದು ಕುರಿ ನಾ ಕತ್ತರಸ್ಲೇನ್ರೀ?"

ದ್ಯಾಮಪ್ಪ ಸಿಟ್ಟಾಗಿರಲಿಲ್ಲ. "ಬ್ಯಾಡವಾ. ಕುರಿ ಒಮ್ಮಿ ಝಾಡಿಸಿ ಒದ್ರ ಕತ್ತರಿ ನಿನ್ನ ಕೈಯಾಗ ಇಳೀತೈತಿ. ನೂಲಾವ್ರ ಕೈ ಕೆಟ್ರ ಮನಿ ಕಂಬಳಿ ಯಾರ ನೋಡ್ಬೇಕು?" ಎಂದಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಬಿಸಿಲು ಏರುವ ಹೊತ್ತಿಗೆ ಹಿಂಡು ಹಳ್ಳದ ದಾರಿ ಹಿಡಿಯಿತು. ಮುಂದೆ ಮೈದುನ ಸಿದ್ದಲಿಂಗೇಶ, ಹಿಂದೆ ಗಂಡ ಮಹಾದೇವ, ನಡುವೆ ಧೂಳೆಬ್ಬಿಸಿಕೊಂಡು ಕುರಿಗಳ ಕರಿ ಹೊಳೆ. ಸಿದ್ದಲಿಂಗೇಶ ಬೇಸಿಗೆಯೆಲ್ಲ ಅವನ್ನು ಲಕ್ಷ್ಮೇಶ್ವರ, ಅಡರಕಟ್ಟಿ ಕಡೆಯ ಹೊಲಗಳಲ್ಲಿ ನಿಲ್ಲಿಸಿದ್ದ. ಹೊಲದವರಿಗೆ ಗೊಬ್ಬರ ಸಿಕ್ಕಿತ್ತು, ಕುರಿಗಳಿಗೆ ಮೇವು. ಮುಂಗಾರು ಶುರುವಾದ ಮೇಲೆ ಊರಿಗೆ ತಂದು ಕಪ್ಪತಗುಡ್ಡದ ಅಡಿಯಲ್ಲಿ ಮೇಯಿಸಿದ್ದ. ಮಳೆಗಾಲದ ಹಸಿರು ಹುಲ್ಲಿಗೆ ಉಣ್ಣೆ ಗೇಣುದ್ದ ಬೆಳೆದು ಕೆಸರು, ಹುಲ್ಲಿನ ಮುಳ್ಳು, ಹಿಕ್ಕೆ ಎಲ್ಲ ಅದರಲ್ಲಿ ಸೇರಿಕೊಂಡಿತ್ತು. ಅದಕ್ಕೇ ಮೊದಲು ತೊಳೆಯಬೇಕು. ತೊಳೆದು ಮರುದಿನದ ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಒದ್ದೆ ಉಣ್ಣೆಗೆ ಕತ್ತರಿ ಹತ್ತುವುದಿಲ್ಲ. ಜಾರುತ್ತದೆ, ಇಲ್ಲವೆ ಚರ್ಮ ಕಚ್ಚುತ್ತದೆ.

ಹಿಂಡಿನ ಮುಂದೆ ಕೋಡು ತಿರುಗಿಸಿಕೊಂಡು ನಡೆಯುತ್ತಿದ್ದವನು ಸರದಾರ, ಮನೆಯ ಬೀಜದ ಟಗರು. ಊರಿನ ಎಷ್ಟೋ ಮಂದಿ ಉಣ್ಣೆಯ ಗೊಡವೆಯೇ ಬೇಡವೆಂದು ಮೈಮೇಲೆ ಬರೀ ಕೂದಲಿರುವ ಎಳಗದ ಕುರಿಗಳಿಗೆ ಹೊರಳಿದ್ದರು. ದ್ಯಾಮಪ್ಪ ಮಾತ್ರ ಕರಿ ಉಣ್ಣೆಯ ಡೆಕ್ಕನಿ ತಳಿ ಬಿಟ್ಟುಕೊಟ್ಟಿರಲಿಲ್ಲ. ಅಂಥ ಟಗರು ಈಗ ಸಿಗುವುದೇ ಅಪರೂಪ. ಸಂತೆ ಸಂತೆ ಅಲೆದು ತಂದು, ಮರಿಯಿಂದ ಹಾಲು, ಹುರುಳಿ ತಿನ್ನಿಸಿ ಸಾಕಿದ ಪ್ರಾಣಿ ಅದು. ಅದರ ಉಣ್ಣೆ ಎಷ್ಟು ಕಪ್ಪೆಂದರೆ ಬಿಸಿಲಿನಲ್ಲಿ ನೀಲಿ ಹೊಡೆಯುತ್ತಿತ್ತು.

ಹಳ್ಳದ ತಿರುವಿನಲ್ಲಿ ಒಂದು ಮಡು. ಎದೆಮಟ್ಟ ತಿಳಿ ನೀರು. ಮಡುವಿನ ಕೆಳಗೆ ಹಳ್ಳದ ನಡುವೆಯೇ ಬಳ್ಳಾರಿ ಜಾಲಿ ಬೆಳೆದು ಪೊದೆಯಾಗಿತ್ತು. ದೂರ ಗುಡ್ಡದ ನೆತ್ತಿಯ ಮೇಲೆ ಗಾಳಿ ಫ್ಯಾನುಗಳು ನಿಧಾನ ತಿರುಗುತ್ತಿದ್ದವು. ಅವುಗಳ ಹಿಂದೆ ಮೋಡ ಕಪ್ಪುಗಟ್ಟಿದ್ದರೂ ಇಲ್ಲಿ ಮಾತ್ರ ಚುರುಚುರು ಬಿಸಿಲು.

ದ್ಯಾಮಪ್ಪ ದಂಡೆಯ ಮೇಲೆ ಕುಳಿತು ಒಂದೊಂದೇ ಕುರಿಯ ಬಾಲದ ಹತ್ತಿರ ಗಂಟುಗಟ್ಟಿದ ಹಿಕ್ಕೆಯ ಉಣ್ಣೆ ಕತ್ತರಿಸಿ ಬಿಡುತ್ತಿದ್ದ. ಮಹಾದೇವ, ಸಿದ್ದಲಿಂಗೇಶ ನೀರಿನಲ್ಲಿ ನಿಂತಿದ್ದರು. ಗದಿಗೆವ್ವ ದಂಡೆಯಿಂದ ಕುರಿಗಳನ್ನು ನೀರಿಗೆ ದೂಡುತ್ತಿದ್ದಳು. ಮೊದಲು ಸರದಾರ ಧುಮುಕಿದ. ಅವನ ಹಿಂದೆ ಇಡೀ ಹಿಂಡು ಧಡಧಡ ಬಿತ್ತು. ಅಲ್ಲಿಂದ ಶುರುವಾಯಿತು ಗದ್ದಲ! ಕುರಿಗಳ ಕೂಗು, ನೀರಿನ ಸಪ್ಪಳ, ಸಿದ್ದಲಿಂಗೇಶನ ಕೇಕೆ. ಇಬ್ಬರೂ ಒಂದೊಂದು ಕುರಿಯನ್ನು ತಬ್ಬಿ ಹಿಡಿದು, ಉಣ್ಣೆಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿ ಕಳಿಸುತ್ತಿದ್ದರು. ತಿಳಿ ನೀರು ನೋಡನೋಡುತ್ತಿದ್ದಂತೆ ಚಹಾದ ಬಣ್ಣಕ್ಕೆ ತಿರುಗಿತು.

"ಯವ್ವಾ, ಇಲ್ಲೆ ನೋಡ!" ಎಂದು ಸುಶ್ಮಿತಾ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದಳು. ದಂಡೆ ಹತ್ತಿದ ಕುರಿಯೊಂದು ಅವಳ ಪಕ್ಕದಲ್ಲೇ ಮೈ ಝಾಡಿಸಿ ಅವಳನ್ನೂ ಮೊಬೈಲನ್ನೂ ತೋಯಿಸಿತು. ಗದಿಗೆವ್ವ ಬಿದ್ದು ಬಿದ್ದು ನಕ್ಕಳು.

ಕುರಿಗಳೆಲ್ಲ ಒಂದು ಸುತ್ತು ಮುಗಿದವು. ದ್ಯಾಮಪ್ಪ ಸರದಾರನ ಹೊಟ್ಟೆಯ ಕೆಳಗೆ ಕೈಯಾಡಿಸಿ ಮೂಗು ಮುರಿದ.

"ಇವನ ಮೈ ಇನ್ನೂ ಕೆಸರ ಐತಿ. ಇನ್ನೊಮ್ಮಿ ಮುಳಗಸ್ರಿ ಇವನ್ನ."

ಸರದಾರ ಒಲ್ಲೆನೆಂದು ಕಾಲೂರಿದ. ಸಿದ್ದಲಿಂಗೇಶ ಕೋಡು ಹಿಡಿದು ಎಳೆದ, ಗದಿಗೆವ್ವ ಹಿಂದಿನಿಂದ ದೂಡಿದಳು. ಟಗರು ಮಡುವಿನ ನಡುವಿಗೆ ಹೋಗಿ ಬಿತ್ತು. ಅದೇ ಹೊತ್ತಿಗೆ ಮಹಾದೇವ ದಂಡೆಯ ಮೇಲೆ ಬಿಚ್ಚಿಟ್ಟಿದ್ದ ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಸುಶ್ಮಿತಾ ಎತ್ತಿದಳು. ಮೇಲಿನ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮಾಶಾಕನ ದನಿ. ಫೋನಿಲ್ಲದೆಯೂ ಕೇಳುವಷ್ಟು ಜೋರು.

"ಏ ತಂಗಿ, ನಿಮ್ಮಪ್ಪಗ ಹೇಳು, ಗುಡ್ಡದಾಗ ಮಳಿ ಆಗೇತಿ! ಹಳ್ಳ ಬರಾಕತ್ತೈತಿ, ಕೆಂಪನ್ನ ನೀರು! ಎಲ್ಲಾರೂ ಜಲ್ದಿ ಮ್ಯಾಲ ಹತ್ರಿ!"

"ಯಪ್ಪಾ, ಹಳ್ಳ ಬರಾಕತ್ತೈತಂತ! ಹತ್ರಿ, ಹತ್ರಿ!" ಸುಶ್ಮಿತಾ ಕಿರುಚಿದಳು.

ಅಣ್ಣತಮ್ಮಂದಿರು ನೀರು ಸೀಳಿಕೊಂಡು ದಂಡೆಗೆ ಬಂದರು. ಗದಿಗೆವ್ವ, ಸುಶ್ಮಿತಾ ಸೆರಗು ಬೀಸಿ, ಹೋ ಹೋ ಎಂದು ಕೂಗಿ ಹಿಂಡನ್ನು ದಿಬ್ಬಕ್ಕೆ ಹೊಡೆದರು. ಮೇಲಿನಿಂದ ಗುಡುಗಿನಂಥ ಸದ್ದು ಬಂತು. ಕಸ, ಕಡ್ಡಿ, ನೊರೆ ಹೊತ್ತ ಕೆಂಪು ನೀರು ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, ಮಡುವೆಲ್ಲ ಉಕ್ಕಿತು. ಸರದಾರ ಇನ್ನೂ ನಡುವಿನಲ್ಲೇ ಇದ್ದ. ನೀರು ಅವನನ್ನು ಎತ್ತಿಕೊಂಡು ಹೋಗಿ ಕೆಳಗಿನ ಜಾಲಿ ಪೊದೆಗೆ ಒಗೆಯಿತು.

ಅಲ್ಲಿಗೇ ಸಿಕ್ಕಿಕೊಂಡ. ಆ ಗೇಣುದ್ದದ ಉಣ್ಣೆಯೇ ಅವನಿಗೆ ಮುಳುವಾಯಿತು. ಜಾಲಿಯ ಮುಳ್ಳುಗಳು ಒಂದು ಮಗ್ಗುಲಿಗೆ ಪೂರಾ ಕಚ್ಚಿಕೊಂಡಿದ್ದವು, ನೀರು ಕುಡಿದ ಉಣ್ಣೆ ಕಲ್ಲಿನಂತೆ ಕೆಳಗೆ ಜಗ್ಗುತ್ತಿತ್ತು. ಕೋಡು, ಮೂಗು ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಅಂಥ ಗಂಡು ಟಗರು ಎಳೆ ಮರಿಯ ಹಾಗೆ ಕೂಗಿತು.

ಮಹಾದೇವ ನೀರಿಗಿಳಿದ. ಸೊಂಟಮಟ್ಟ ಹೋಗುವಷ್ಟರಲ್ಲಿ ಸೆಳವು ಕಾಲು ಕಿತ್ತಿತು. ಸಿದ್ದಲಿಂಗೇಶ ಅವನ ರಟ್ಟೆ ಹಿಡಿದು ಎಳೆದುಕೊಂಡ. ಬಯಲುಸೀಮೆಯ ಕುರಿಗಾರರು, ಇಬ್ಬರಿಗೂ ಈಜು ಬರುತ್ತಿರಲಿಲ್ಲ. ದ್ಯಾಮಪ್ಪ ತಲೆಯ ಮೇಲೆ ಕೈ ಹೊತ್ತು, "ನಾನs ಮತ್ತ ನೀರಿಗೆ ಹಾಕ್ಸಿದ್ನೆಲ್ಲೋ!" ಎಂದು ಹಲುಬುತ್ತಿದ್ದ. ಅಷ್ಟರಲ್ಲಿ ಮಾಶಾಕ ಟ್ರ್ಯಾಕ್ಟರನ್ನು ಹೊಲದ ಬದುವಿನ ಮೇಲೆ ಹಾರಿಸಿಕೊಂಡು ಬಂದ. ಹೊಟ್ಟು ಹೇರುವಾಗ ಬಿಗಿಯುವ ಉದ್ದನೆಯ ಹಗ್ಗ ಅವನ ಕೈಯಲ್ಲಿತ್ತು.

ಹಗ್ಗ ಕಂಡದ್ದೇ ಗದಿಗೆವ್ವ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು. ಮಾವನ ಕಾಲ ಬಳಿ ಬಿದ್ದಿದ್ದ ಕತ್ತರಿಯನ್ನು ಎತ್ತಿ, ಅದರ ಬಾಯಿ ಮುಚ್ಚಿ, ಅರಿವೆ ಸುತ್ತಿ ನಡುವಿಗೆ ಸಿಕ್ಕಿಸಿದಳು.

"ಏ, ಎಲ್ಲಿಗೆ?" ಮಹಾದೇವ ಕೈ ಹಿಡಿದ.

"ಬಿಡ್ರಿ ನನ್ನ. ನಾ ಹೊಳೀ ದಂಡಿ ಊರಾಗ ಹುಟ್ಟಿದಾಕಿ. ಹಗ್ಗ ನಡಕ್ಕ ಕಟ್ರಿ. ಎಳೀರಿ ಅಂದಾಗ ಎಳೀರಿ. ಅಲ್ಲೀತನಾ ಸಡ್ಲ ಬಿಡ್ಕೊಂತ ಇರ್ರಿ."

ಅವಳ ತವರು ಕೊರ್ಲಹಳ್ಳಿ, ತುಂಗಭದ್ರೆಯ ದಂಡೆ. ನಡೆಯಲು ಕಲಿತ ವರ್ಷವೇ ಈಜಲೂ ಕಲಿತವಳು. ಹೊಳೆಗೆ ಎದೆ ಕೊಡಬೇಡ, ಹೆಗಲು ಕೊಡು ಎಂದು ಅಪ್ಪ ಹೇಳಿಕೊಟ್ಟಿದ್ದ. ಮಹಾದೇವ ಹಗ್ಗ ಬಿಗಿದ. ಅವಳು ಪೊದೆಯ ನೇರಕ್ಕೆ ಇಳಿಯಲಿಲ್ಲ. ದಂಡೆಗುಂಟ ಮೇಲಕ್ಕೆ ಓಡಿ, ಅಲ್ಲಿಂದ ನೀರಿಗೆ ಬಿದ್ದಳು. ನೀರು ಅವಳನ್ನು ಓರೆಯಾಗಿ ಒಯ್ಯತೊಡಗಿತು. ಬಾಯಿ ಮೂಗಿಗೆ ಕೆಸರು ನುಗ್ಗಿತು. ಮರದ ತುಂಡೊಂದು ಹೆಗಲು ಸವರಿಕೊಂಡು ಹೋಯಿತು. ಆದರೂ ಹೆದರಿಕೆ ಎಂಬುದು ಎಲ್ಲೋ ದಂಡೆಯಲ್ಲೇ ಉಳಿದಿತ್ತು. ಎಷ್ಟೋ ವರ್ಷದ ಮೇಲೆ ಮೈ ತನ್ನ ಹಳೆಯ ವಿದ್ಯೆಯನ್ನು ನೆನೆಸಿಕೊಂಡ ಖುಷಿಯಷ್ಟೇ ಇತ್ತು. ಕೈಚಾಚಿದಳು, ಸರದಾರನ ಕೋಡು ಸಿಕ್ಕಿತು.

"ಬಂದೆ ನನ್ನಪ್ಪಾ, ಬಂದೆ. ಒದಿಬ್ಯಾಡ, ನಿಲ್ಲು."

ಕಾಲಿಗೆ ಜಾಲಿಯ ಬುಡ ತಗುಲಿತು. ಅದಕ್ಕೆ ಪಾದ ಒತ್ತಿ, ಬೆನ್ನನ್ನು ನೀರಿಗೆ ಕೊಟ್ಟು ನಿಂತಳು. ಒಂದು ಕೈಯಿಂದ ಮುಳ್ಳು ಬಿಡಿಸಲು ನೋಡಿದಳು. ಒಂದು ಬಿಡಿಸಿದರೆ ನಾಲ್ಕು ಕಚ್ಚಿಕೊಳ್ಳುತ್ತಿದ್ದವು. ಕತ್ತರಿ ಹೊರತೆಗೆದಳು. ನೀರಿನೊಳಗೆ ಕಣ್ಣಿಗೇನೂ ಕಾಣದು. ಎಡಗೈ ಬೆರಳುಗಳನ್ನು ಉಣ್ಣೆಯೊಳಗೆ ಇಳಿಸಿ, ಬೆಚ್ಚಗಿನ ಚರ್ಮ ಸಿಕ್ಕ ಮೇಲೆ ಬೆರಳು ಅಗಲಿಸಿ, ಆ ಬೆರಳಿನ ಮೇಲೆಯೇ ಕತ್ತರಿ ಆಡಿಸಿದಳು. ಜಾರಿತು. ಮತ್ತೆ ಆಡಿಸಿದಳು, ಮತ್ತೆ ಜಾರಿತು. ಮೂರನೆಯ ಸಲ ತುದಿ ಕಚ್ಚಿಕೊಂಡು ಕರಕ್ ಎಂದಿತು. ಆ ಸಪ್ಪಳ ಕಿವಿಗೆ ಬೀಳಲಿಲ್ಲ, ಅಂಗೈಗೆ ತಿಳಿಯಿತು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ! ಕರಕ್, ಕರಕ್. ಭುಜದಿಂದ ಪಕ್ಕೆಗೆ, ಪಕ್ಕೆಯಿಂದ ತೊಡೆಗೆ. ಕತ್ತರಿಸಿದ ಉಣ್ಣೆಯ ಮುದ್ದೆಗಳು ಜಾಲಿಯಲ್ಲೇ ಉಳಿದವು, ಕೆಲವು ಕರಿ ಬೆಕ್ಕಿನ ಹಾಗೆ ತೇಲಿಹೋದವು. ದಂಡೆಯ ಮೇಲಿಂದ ಸುಶ್ಮಿತಾಳ ಕೂಗು ಗಾಳಿಯಲ್ಲಿ ತುಂಡು ತುಂಡಾಗಿ ಬರುತ್ತಿತ್ತು. ಟಗರಿನ ಭುಜ ಸಡಿಲವಾಯಿತು, ಆಮೇಲೆ ಪಕ್ಕೆ. ಕೊನೆಗೆ ತೊಡೆಯ ಹತ್ತಿರ ಒಂದು ಹಿಡಿ ಉಣ್ಣೆ ಉಳಿಯಿತು. ಅದಕ್ಕೆ ಕತ್ತರಿ ತಾಗಿಸುವಷ್ಟರಲ್ಲಿ ಸರದಾರ ಮೈ ಝಾಡಿಸಿದ. ಉಣ್ಣೆ ಕಿತ್ತು ಬಂತು, ಟಗರು ಬಾಣದಂತೆ ನೀರಿಗೆ ಹಾರಿತು. ಗದಿಗೆವ್ವ ಒಂದು ಕೈಯಲ್ಲಿ ಕೋಡು, ಇನ್ನೊಂದರಲ್ಲಿ ಕತ್ತರಿ ಹಿಡಿದುಕೊಂಡೇ ಕೂಗಿದಳು:

"ಎಳೀರೋ! ಎಳೀರಿ!"

ಮೂವರು ಗಂಡಸರು, ಒಬ್ಬ ಮುದುಕ, ಒಬ್ಬ ಹುಡುಗಿ ಎಲ್ಲರೂ ಹಗ್ಗಕ್ಕೆ ಬಿದ್ದರು. ಅವಳೂ ಟಗರೂ ಒಟ್ಟಿಗೆ ಕೆಳದಂಡೆಯ ಮರಳಿಗೆ ಬಂದು ಬಿದ್ದರು.

ಸರದಾರ ಎದ್ದು ನಿಂತ. ಒಂದು ಮಗ್ಗುಲು ಬೋಳು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದು. ಇನ್ನೊಂದು ಮಗ್ಗುಲಿನ ಉಣ್ಣೆ ನೆಲ ಮುಟ್ಟುವಂತೆ ಜೋತುಬಿದ್ದಿತ್ತು. ಭಾರಕ್ಕೆ ವಾಲಿಕೊಂಡೇ ನಾಲ್ಕು ಹೆಜ್ಜೆ ನಡೆದು, ಮುಖ ಎತ್ತಿ ಎಲ್ಲರನ್ನೂ ದುರುಗುಟ್ಟಿ ನೋಡಿದ. ಮೊದಲು ನಕ್ಕವನು ಮಾಶಾಕ.

"ಅರ್ಧಾ ಡೆಕ್ಕನಿ, ಅರ್ಧಾ ಎಳಗ ಆತಲ್ಲೋ ದ್ಯಾಮಣ್ಣಾ ನಿನ್ನ ಟಗರು!"

ಅಲ್ಲಿಂದ ನಗು ಸಿಡಿಯಿತು. ಸಿದ್ದಲಿಂಗೇಶ ಮರಳಿನ ಮೇಲೆ ಹೊರಳಾಡಿದ. ಸುಶ್ಮಿತಾ ಅಳುತ್ತಲೇ ನಗುತ್ತ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ನಗದೆ ಇದ್ದವನು ಮಹಾದೇವ ಒಬ್ಬನೇ. ಅವನು ಗದಿಗೆವ್ವನ ನಡುವಿನ ಹಗ್ಗದ ಗಂಟು ಬಿಚ್ಚುತ್ತ ಕುಳಿತಿದ್ದ. ನೀರು ಕುಡಿದು ಬಿಗಿದ ಗಂಟು ಬಿಚ್ಚುತ್ತಿರಲಿಲ್ಲ.

"ಟಗರು ಹೋಗಿದ್ರ ಹೋಗ್ತಿತ್ತು," ಎಂದ ತಲೆ ಎತ್ತದೆ. "ನಿನ್ನ ಎಲ್ಲಿಂದ ತರಬೇಕಿತ್ತ ನಾನು?"

ಗದಿಗೆವ್ವ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಗಂಟನ್ನು ಇಬ್ಬರೂ ಸೇರಿ ಬಿಚ್ಚಿದರು.

ದ್ಯಾಮಪ್ಪ ಆಗಲೇ ಟಗರಿನ ಹತ್ತಿರ ಹೋಗಿ ಬೋಳು ಮಗ್ಗುಲಿನ ಮೇಲೆ ಅಂಗೈ ಸವರುತ್ತಿದ್ದ. ಕುತ್ತಿಗೆಯಿಂದ ತೊಡೆಯವರೆಗೆ ಸವರಿದ, ಬಗ್ಗಿ ಹೊಟ್ಟೆಯ ಕೆಳಗೂ ನೋಡಿದ. ತೊಡೆಯ ಹತ್ತಿರ ಸಣ್ಣದೊಂದು ಗೀರು ಬಿಟ್ಟರೆ ಎಲ್ಲೂ ರಕ್ತವಿರಲಿಲ್ಲ. ಸೊಂಟದ ಚೀಲದಿಂದ ಭಂಡಾರದ ಅರಿಶಿನ ತೆಗೆದು ಆ ಗೀರಿಗೆ ಒತ್ತಿದ. ಆಮೇಲೆ ಸೊಸೆಯ ಕಡೆ ತಿರುಗಿದ.

"ನೀರಾಗ, ಕಣ್ಣ ಕಾಣದ ಕತ್ತರಿಸಿದ್ಯಲ್ಲವಾ. ಕೈ ಎಲ್ಲಿ ಇಟ್ಕೊಂಡಿದ್ದಿ?"

"ಕತ್ತರಿ ಕೆಳಗ ಬೆರಳ ಹಾಕ್ಕೊಂಡಿದ್ನಿರಿ ಮಾವಾರ. ನೀವ್ ಹಂಗ ಮಾಡ್ತಿದ್ರಿ, ನೋಡ್ತಿದ್ದೆ."

ಮುದುಕ ಟಗರಿನ ಜೋತುಬಿದ್ದ ಉಣ್ಣೆಯನ್ನು ಎತ್ತಿ ಹಿಂಡಿದ. "ಒಂದ್ ಮಗ್ಗಲ ಮುಗಿಸೀದಿ. ಇನ್ನೊಂದನ್ನ ಬ್ಯಾರೆದಾವ್ರು ಕತ್ತರಿಸಿದ್ರ ಚಂದ ಕಾಣಾಂಗಿಲ್ಲ. ನಾಳಿಗೆ ಒಣಗ್ಲಿ, ನೀನs ಮುಗ್ಸು."

ಗದಿಗೆವ್ವ ಆ ಮಾತನ್ನು ಮತ್ತೊಮ್ಮೆ ಕೇಳಬೇಕೆಂದುಕೊಂಡಳು. ಕೇಳಲು ಧೈರ್ಯವಾಗಲಿಲ್ಲ, ಎಲ್ಲಿ ಮನಸ್ಸು ಬದಲಿಸಿಬಿಡುತ್ತಾನೋ ಎಂದು.

ಮರುದಿನ ಬಿಸಿಲು ಏರಿ ಉಣ್ಣೆ ಬೆಚ್ಚಗಾಗುವವರೆಗೆ ಅವಳು ಹತ್ತು ಸಲ ಕುರಿ ಕೂಡುವ ದಡ್ಡಿಗೆ ಹೋಗಿ ಸರದಾರನ ಮೈ ಮುಟ್ಟಿ ಬಂದಳು. ಮುಳ್ಳು ಗೀರಿದ ಕೈಗಳು ಉರಿಯುತ್ತಿದ್ದುದು ನೆನಪಿಗೂ ಬರಲಿಲ್ಲ. ಕೊನೆಗೆ ಅಂಗಳದಲ್ಲಿ ತಾಡಪತ್ರಿ ಹಾಸಿದರು. ದ್ಯಾಮಪ್ಪ ಕತ್ತರಿಗೂ ಟಗರಿನ ಹಣೆಗೂ ಭಂಡಾರ ಹಚ್ಚಿ ಕೈಮುಗಿದ. ಸಿದ್ದಲಿಂಗೇಶ, ಮಹಾದೇವ ಸರದಾರನ ಕಾಲು ಕಟ್ಟಿ ಬೋಳು ಮಗ್ಗುಲು ಕೆಳಗಾಗಿ ಕೆಡವಿದರು. ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ಸುದ್ದಿ ಊರೆಲ್ಲ ಹಬ್ಬಿತ್ತು. ಸುಶ್ಮಿತಾಳ ಮೊಬೈಲಿನಲ್ಲಿ ಕೆಂಪು ನೀರು, ಕಚ್ಚೆ ಹಾಕಿದ ಅವಳವ್ವ ಎಲ್ಲವೂ ಇದ್ದವಲ್ಲ.

"ಕತ್ತರಿ ಎತ್ತಬ್ಯಾಡ," ದ್ಯಾಮಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಹೇಳಿದ. "ನೆಲಾ ಸಾರಿಸಿದಾಂಗ ಸರಸ್ಕೊಂತ ಹೋಗು. ಉಣ್ಣಿನ ಎಳೀಬ್ಯಾಡ, ಎಳದ್ರ ಚರ್ಮಾ ಮ್ಯಾಲ ಬರ್ತೈತಿ. ತೊಗಲನ್ನ ಬಿಗಿ ಹಿಡಿ, ಉಣ್ಣಿ ತಾನs ಬಿಡ್ತೈತಿ."

ಮೊದಲ ನಾಲ್ಕು ಹಿಡಿತ ಒಡ್ಡೊಡ್ಡಾಗಿ ಬಂದವು. ಒಮ್ಮೆ ಕತ್ತರಿ ನಡುವಿನಲ್ಲೇ ಆಡಿ ಎಳೆಗಳು ಗಿಡ್ಡವಾಗಿ ತುಂಡಾದವು.

"ಇದು ನೂಲಿಗೆ ಬರಾಂಗಿಲ್ಲ," ಎಂದು ಅವಳೇ ತನ್ನನ್ನು ಬೈದುಕೊಂಡಳು.

"ನಾ ಮೊದಲ್ನೇದು ಕತ್ತರಿಸಿದಾಗ ಕುರಿ ಕಿವಿ ಹರದಿದ್ದೆ," ಎಂದ ಮುದುಕ. "ಮುಂದ ನಡಿ."

ಮುಂದೆ ನಡೆದಳು. ಬೆನ್ನಿನ ಮೇಲೆ ಬಂದಾಗ ಕತ್ತರಿಗೂ ಕೈಗೂ ಒಂದು ಲಯ ಕೂಡಿತು. ಒಣಗಿದ ಉಣ್ಣೆಯ ಹಿತವಾದ ಜಿಡ್ಡು ಬೆರಳಿಗೆ ಹತ್ತಿತು. ಮೇಲೆ ಬಿಸಿಲಿಗೆ ಕೆಂಚಾದ ತುದಿ, ಕೆಳಗೆ ಕಾಡಿಗೆಗಪ್ಪು, ಅದರಡಿ ನಸುಗೆಂಪು ಚರ್ಮ. ಉಣ್ಣೆ ಒಂದೇ ಹಾಳೆಯಾಗಿ ಮಗುಚಿಕೊಂಡು ಬರತೊಡಗಿತು. ಗೋಡೆಯ ಮೇಲಿನ ಹೆಂಗಸರ ಗುಜುಗುಜು ನಿಂತಿತು. ಕುತ್ತಿಗೆಯ ಕೊನೆಯ ಎಳೆ ಬಿಟ್ಟಾಗ ಗದಿಗೆವ್ವ ಆ ಇಡೀ ರಾಶಿಯನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡಳು. ಇನ್ನೂ ಟಗರಿನ ಮೈಯ ಬಿಸುಪಿತ್ತು. ಇಷ್ಟು ವರ್ಷ ಅವಳ ಕೈಗೆ ಬರುತ್ತಿದ್ದ ಉಣ್ಣೆ ಆರಿ ತಣ್ಣಗಾದದ್ದು.

"ಅತ್ತಿಗಿ, ಇದನ್ನಿಟ್ಕೊಂಡು ಹಿಂಗs ಕುಂಡ್ರೂದೋ, ಇಲ್ಲಾ ಇನ್ನೊಂದು ತರ್ಲ್ಯೋ?" ಸಿದ್ದಲಿಂಗೇಶ ಕೇಳಿದ.

ಅವಳು ಮಾವನ ಮುಖ ನೋಡಿದಳು. ದ್ಯಾಮಪ್ಪ ತನ್ನ ಕತ್ತರಿಯನ್ನು ಕೈಗೆತ್ತಿಕೊಂಡು ಮತ್ತೊಂದು ಕುರಿಯ ಮುಂದೆ ಕುಳಿತಾಗಿತ್ತು. "ನನ್ನೇನ್ ನೋಡ್ತಿ?" ಎಂದ. "ಹಿಂಡೇನ್ ಸಣ್ಣದೈತೇನು? ನಾ ಒಬ್ಬಾಂವ ಎಷ್ಟಂತ ಕತ್ತರಸ್ಲಿ?"

"ತಾರೋ ಸಿದ್ಲಿಂಗಾ, ತಾ!" ಎಂದಳು ಗದಿಗೆವ್ವ, ಇಡೀ ಓಣಿಗೆ ಕೇಳುವಂತೆ.

ಮಧ್ಯಾಹ್ನದ ಹೊತ್ತಿಗೆ ಅಂಗಳ ಅಂಗಳವಾಗಿ ಉಳಿದಿರಲಿಲ್ಲ. ಒಂದು ಕಡೆ ಕರಿ ಉಣ್ಣೆ, ಒಂದು ಕಡೆ ಕಂದು, ಬೇರೆ ಗೋಣಿತಟ್ಟಿನ ಮೇಲೆ ಮರಿಗಳ ಮೆತ್ತನೆಯ ಮೊದಲ ಉಣ್ಣೆ. ಕತ್ತರಿಸಿಕೊಂಡ ಕುರಿಗಳು ಕಾಲು ಬಿಚ್ಚಿದ್ದೇ ತಡ, ಮೈ ಹಗುರಾದ ಹಿಗ್ಗಿಗೆ ನಾಲ್ಕೂ ಕಾಲೆತ್ತಿ ಜಿಗಿಯುತ್ತಿದ್ದವು. ದಡ್ಡಿಯಲ್ಲಿ ಬೇರೊಂದು ರಂಪ. ಬೋಳು ಮೈಯಲ್ಲಿ ಹಿಂದಿರುಗಿದ ತಾಯಂದಿರನ್ನು ಮರಿಗಳು ಗುರುತಿಸಲೊಲ್ಲವು! ತಾಯಿ ಹತ್ತಿರ ಬಂದರೆ ಮರಿ ಹೆದರಿ ಓಡುತ್ತಿತ್ತು. ತಾಯಿ ಕೂಗುತ್ತ ಬೆನ್ನು ಹತ್ತುತ್ತಿತ್ತು. ಸುಶ್ಮಿತಾ ಒಂದೊಂದೇ ಮರಿಯನ್ನು ಎತ್ತಿ ತಾಯಿಯ ಮೂಗಿನ ಹತ್ತಿರ ಒಯ್ಯುತ್ತಿದ್ದಳು. ಮೂಸಿ ನೋಡಿದ ಮೇಲೆ ಮರಿ ಒಮ್ಮೆಲೇ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸುತ್ತಿತ್ತು.

"ಯವ್ವಾ, ನೋಡಬಾ ಇಲ್ಲೆ, ಈ ಮರಿ ಇನ್ನೂ ನಂಬವಲ್ದು!"

"ನನಗ ಪುರಸೊತ್ತಿಲ್ಲವಾ ಈಗ," ಎಂದು ನಗುತ್ತ ಗದಿಗೆವ್ವ ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡಳು. ಮಹಾದೇವ ಮುಂದಿನ ಕುರಿಯ ಕಾಲು ಕಟ್ಟಿ ಅವಳ ಮುಂದೆ ಮಲಗಿಸಿ, ಅದರ ತಲೆಯನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡು ಕುಳಿತ.